ವಾಸಾಲೋಪೆಟ್‌ಗೆ ತಯಾರಿ: 90 ಕಿ.ಮೀ. ಸ್ಕೀ ಓಟ ಶುರುವಾಗುವುದು ಹಿಮ ಬೀಳುವ ಮೊದಲೇ

ಸ್ವೀಡನ್ನಿನ ಸೇಲೆನ್ ಬಳಿ ಹೊರಟು ಮೂರಾ ಪಟ್ಟಣದಲ್ಲಿ ಮುಗಿಯುವ ವಾಸಾಲೋಪೆಟ್ 90 ಕಿ.ಮೀ. ಉದ್ದದ ಸ್ಕೀ ಓಟ. 1922ರಲ್ಲಿ ಮೊದಲ ಬಾರಿ ನಡೆದದ್ದು, ಈಗ ಮಾರ್ಚ್ ತಿಂಗಳ ಮೊದಲ ಭಾನುವಾರ ಬೆಳಗ್ಗೆ 8ಕ್ಕೆ ಶುರು. ಇಲ್ಲಿ ಕ್ಲಾಸಿಕ್ ಶೈಲಿಗೆ ಮಾತ್ರ ಅವಕಾಶ. ಸ್ಕೀಗಳು ಹಿಮದಲ್ಲಿ ಕೊರೆದ ಜೋಡಿ ಜಾಡಿನಲ್ಲೇ ಸಾಗಬೇಕು, ಸ್ಕೇಟಿಂಗ್‌ನಂತೆ ಓರೆಯಾಗಿ ಒದೆಯುವಂತಿಲ್ಲ.

ಹೊಸಬರು ಕಾಲನ್ನು ನಂಬಿಕೊಂಡು ಬರುತ್ತಾರೆ. ಆದರೆ ಚೆನ್ನಾಗಿ ಓಡುವವರಿಗೂ ಅರ್ಧ ದಾರಿಯ ನಂತರ ಮೊದಲು ಕೈಕೊಡುವುದು ತೋಳಿನ ಹಿಂಭಾಗ, ಹೊಟ್ಟೆ ಮತ್ತು ಕೆಳಬೆನ್ನು. ಮೊದಲ ಏರು ಬಿಟ್ಟರೆ ದಾರಿಯ ಬಹುಪಾಲು ಸಮತಟ್ಟು ಇಲ್ಲವೇ ಸಣ್ಣ ಏರಿಳಿತ. ಅಲ್ಲೆಲ್ಲ ಎರಡೂ ಪೋಲ್‌ಗಳನ್ನು ಒಟ್ಟಿಗೆ ಊರಿ ತಳ್ಳುವ ಡಬಲ್ ಪೋಲಿಂಗ್‌ನಿಂದಲೇ ಮುಂದೆ ಹೋಗಬೇಕು. ಮುಂಚೂಣಿಯ ಸ್ಪರ್ಧಿಗಳಂತೂ, ಕಾಲಿನಿಂದ ಒದೆಯುವಾಗ ಸ್ಕೀ ಹಿಂದಕ್ಕೆ ಜಾರದಂತೆ ತಡೆಯುವ ಹಿಡಿತದ ಮೇಣವನ್ನೇ ಹಚ್ಚದೆ ಇಡೀ ದಾರಿಯನ್ನು ಹೀಗೆಯೇ ಮುಗಿಸುತ್ತಾರೆ. ಹಾಗಾಗಿ ತಯಾರಿಯ ತಿರುಳು ಎರಡೇ: ಮೈಯ ಮೇಲ್ಭಾಗದ ತಾಳಿಕೆ, ಮತ್ತು ತಾಳ್ಮೆಯಿಂದ ಕೂಡಿಸಿದ ನಿಧಾನದ ಗಂಟೆಗಳು.

ಡಬಲ್ ಪೋಲಿಂಗ್

ಪೋಲ್‌ನ ಮೊನೆ ಬೂಟಿನ ತುದಿಯ ಪಕ್ಕದಲ್ಲೇ ಊರಲಿ. ಮುಂದೆ ಚಾಚಿ ಊರಿದರೆ ಪೋಲ್ ನಿಮ್ಮನ್ನೇ ತಡೆಯುತ್ತದೆ. ಊರುವ ಗಳಿಗೆಯಲ್ಲಿ ಮೊಣಕೈ ಸುಮಾರು 90 ಡಿಗ್ರಿ ಮಡಚಿರಬೇಕು, ಕೈ ಗಲ್ಲದ ಎತ್ತರದಲ್ಲಿರಬೇಕು. ಅದಕ್ಕೂ ಮುಂಚೆ ಹಿಮ್ಮಡಿ ತುಸು ಎದ್ದು ಇಡೀ ಮೈ ಮುಂದಕ್ಕೆ ವಾಲಿರಬೇಕು. ಬೀಳುತ್ತಿರುವ ಮೈಭಾರವೇ ಮೊದಲ ತಳ್ಳು. ನಂತರ ಹೊಟ್ಟೆಯ ಸ್ನಾಯು ಬಿಗಿದು ಎದೆಯನ್ನು ಕೆಳಗೆ ಒತ್ತುತ್ತದೆ, ತೋಳು ಕೆಲಸ ಮಾಡುವುದು ಕೊನೆಗೆ. ಕೈ ತೊಡೆ ದಾಟಿದ ಕೂಡಲೇ ಸೊಂಟವನ್ನು ಮುಂದಕ್ಕೆ ತಂದು ನೆಟ್ಟಗಾಗಿ.

ಎರಡು ತಪ್ಪು ಪದೇ ಪದೇ ಕಾಣುತ್ತವೆ. ಒಂದು, ಕುರ್ಚಿಯಲ್ಲಿ ಕೂತಂತೆ ಸೊಂಟ ಹಿಂದಕ್ಕೆ ಜಾರುವುದು. ಆಗ ಮೈಭಾರ ಪೋಲ್‌ಗೆ ತಲುಪುವುದೇ ಇಲ್ಲ, ತೋಳು ಒಂಟಿಯಾಗಿ ದುಡಿದು ಬಹಳ ಬೇಗ ಸೋಲುತ್ತದೆ. ಇನ್ನೊಂದು, ಪ್ರತಿ ತಳ್ಳಿಗೂ ಬೆನ್ನು ನೆಲಕ್ಕೆ ಸಮಾನಾಂತರವಾಗುವಷ್ಟು ಬಗ್ಗುವುದು. ಮೇಲೇಳುವ ಶ್ರಮವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ಇದನ್ನು ತಿದ್ದಲು ಒಳ್ಳೆಯ ಅಭ್ಯಾಸವೊಂದಿದೆ: ಮೊಣಕೈಯ ಕೋನ ಬದಲಾಗದಂತೆ ಬಿಗಿಹಿಡಿದು, ಬರೀ ಹೊಟ್ಟೆಯಿಂದ ತಳ್ಳುತ್ತ 200 ಮೀಟರ್ ಹೋಗಿ. ಪ್ರತಿ ತರಬೇತಿಯ ಆರಂಭದಲ್ಲಿ ಐದಾರು ಸಲ ಮಾಡಿದರೆ ಮೈ ಕಲಿಯುತ್ತದೆ.

ಜೂನ್‌ನಿಂದ ಫೆಬ್ರವರಿವರೆಗೆ

ಬೇಸಿಗೆಯಲ್ಲಿ ರೋಲರ್ ಸ್ಕೀ, ಅಂದರೆ ರಸ್ತೆಯ ಮೇಲೆ ಉರುಳುವ ಚಕ್ರದ ಸ್ಕೀ. ಚಕ್ರ ಮಧ್ಯಮ ವೇಗದ್ದಿರಲಿ. ಬಹಳ ಸಲೀಸಾಗಿ ಉರುಳುವ ಚಕ್ರದಲ್ಲಿ ಹಿಮದ ಎಳೆತದ ಅನುಭವ ಸಿಗದು. ಹೆಚ್ಚಿನವುಗಳಿಗೆ ಬ್ರೇಕ್ ಇರುವುದಿಲ್ಲ. ಆದ್ದರಿಂದ ಇಳಿಜಾರಿನ ಬುಡದಲ್ಲಿ ಅಡ್ಡರಸ್ತೆ ಇರುವ ದಾರಿ ಬೇಡವೇ ಬೇಡ, ಹೆಲ್ಮೆಟ್ ಮತ್ತು ಕೈಗವಸು ಕಡ್ಡಾಯ. ಡಾಂಬರಿಗೆ ಕಾರ್ಬೈಡ್ ಮೊನೆ ಬೇಕು, ಅದನ್ನು ಡೈಮಂಡ್ ಅರದಿಂದ ಆಗಾಗ ಹರಿತ ಮಾಡಬೇಕು. ಮೊಂಡಾದ ಮೊನೆ ಜಾರಿದಾಗಲೆಲ್ಲ ಭುಜ ಜಗ್ಗುತ್ತದೆ.

ಡಾಂಬರಿನ ಪೆಟ್ಟು ನೇರ ಮೊಣಕೈಗೆ ಬರುತ್ತದೆ. ಮೊದಲ ಮೂರು ವಾರ ಡಬಲ್ ಪೋಲಿಂಗ್ ವಾರಕ್ಕೆ ಎರಡು ಸಲ, ಒಂದೊಂದು ಸಲ 30 ನಿಮಿಷ ಸಾಕು. ಮೊಣಕೈಯ ಒಳಬದಿ ನೋಯತೊಡಗಿದರೆ ಅಂದೇ ಅರ್ಧಕ್ಕೆ ಇಳಿಸಿ. ಸಹಿಸಿಕೊಂಡು ಮುಂದುವರಿದರೆ ನೋವು ತಿಂಗಳುಗಟ್ಟಲೆ ಉಳಿಯಬಹುದು.

ವಾರಕ್ಕೆ 5 ಗಂಟೆಯಿಂದ ಶುರುಮಾಡಿ ನವೆಂಬರ್ ಹೊತ್ತಿಗೆ 8 ಗಂಟೆಗೆ ಏರಿಸಿ, ಪ್ರತಿ ನಾಲ್ಕನೆಯ ವಾರ ಮೂರನೇ ಒಂದು ಭಾಗ ಕಡಿಮೆ ಮಾಡಿ. ಐದು ತರಬೇತಿಗಳಲ್ಲಿ ನಾಲ್ಕು, ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುವಷ್ಟು ಹಗುರವಾಗಿರಲಿ. ಐದನೆಯದು ಕಠಿಣ: 8 ನಿಮಿಷದಂತೆ ಐದು ಸಲ, ನಡುವೆ 2 ನಿಮಿಷ ಬಿಡುವು. ದಿನವೂ ‘ಸ್ವಲ್ಪ ಜೋರು’ ಹೋಗುವವರು ನಿಧಾನದ ಫಲವನ್ನೂ ಪಡೆಯುವುದಿಲ್ಲ, ಕಠಿಣ ದಿನಕ್ಕೆ ಬೇಕಾದ ಶಕ್ತಿಯನ್ನೂ ಉಳಿಸಿಕೊಳ್ಳುವುದಿಲ್ಲ. ವಾರಕ್ಕೆರಡು ಸಲ ಅರ್ಧ ಗಂಟೆ ಪುಲ್-ಅಪ್, ಡಿಪ್ಸ್, ಪ್ಲ್ಯಾಂಕ್ ಸೇರಿಸಿ.

ಎಲ್ಲಕ್ಕಿಂತ ಮುಖ್ಯ, ವಾರದ ದೀರ್ಘ ತರಬೇತಿ. 2 ಗಂಟೆಯಿಂದ ಆರಂಭಿಸಿ ಎರಡು ವಾರಕ್ಕೊಮ್ಮೆ 15 ನಿಮಿಷ ಹೆಚ್ಚಿಸುತ್ತ 4 ಗಂಟೆಗೆ ತನ್ನಿ. ಜನವರಿಯಲ್ಲಿ ಒಮ್ಮೆಯಾದರೂ ಹಿಮದ ಮೇಲೆ 50 ಕಿ.ಮೀ. ಆಗಲಿ. ತಿನ್ನುವುದನ್ನೂ ಅಲ್ಲೇ ರೂಢಿಸಿಕೊಳ್ಳಿ, ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕದಲ್ಲಿ. ಹೊಟ್ಟೆಗೂ ತರಬೇತಿ ಬೇಕು. ಕೊನೆಯ ಎರಡು ವಾರ ಒಟ್ಟು ಗಂಟೆಗಳನ್ನು ಅರ್ಧಕ್ಕೆ ಇಳಿಸಿ, ಆದರೆ ಚಿಕ್ಕ ಚುರುಕಿನ ಓಟಗಳನ್ನು ಬಿಡಬೇಡಿ.

ಮೇಣ

ಸ್ಕೀಯ ನಡುಭಾಗಕ್ಕೆ ಹಿಡಿತದ ಮೇಣ, ಎರಡೂ ತುದಿಗೆ ಜಾರುವ ಮೇಣ. ಹಿಡಿತದ ಮೇಣವನ್ನು ಹಿಮ್ಮಡಿಯಿಂದ ಮುಂದಕ್ಕೆ ಸುಮಾರು 50–60 ಸೆಂ.ಮೀ. ಹಚ್ಚಿ, ತೆಳು ಪದರ ನಾಲ್ಕೈದು, ಪ್ರತಿಯೊಂದನ್ನೂ ಕಾರ್ಕಿನಿಂದ ನಯವಾಗಿ ಉಜ್ಜಬೇಕು. ದಪ್ಪಗೆ ಒಂದೇ ಪದರ ಬಳಿದರೆ ಬೇಗ ಸವೆದುಹೋಗುತ್ತದೆ. ಹೊಸ ಹಿಮಕ್ಕೆ ಮೇಣ ತೀರಾ ಮೆದುವಾದರೆ ಹಿಮ ಕೆಳಗೆ ಗಂಟುಕಟ್ಟಿ ಸ್ಕೀ ನಿಂತೇಬಿಡುತ್ತದೆ. ಕರಗಿ ಮತ್ತೆ ಹೆಪ್ಪುಗಟ್ಟಿದ ಒರಟು ಹಿಮಕ್ಕೆ ಕ್ಲಿಸ್ಟರ್ ಎಂಬ ಅಂಟಾದ ಮೇಣ ಬೇಕು. ಮಾರ್ಚ್‌ನಲ್ಲಿ ಬೆಳಗ್ಗೆ ಕೊರೆಯುವ ಚಳಿಯಿದ್ದು ಮಧ್ಯಾಹ್ನ ಹಿಮ ಕರಗಬಹುದು. ಮೊದಲ ಬಾರಿ ಹೋಗುವವರಿಗೆ, ತಳದಲ್ಲಿ ಮೊಹೇರ್ (ಮೇಕೆಯ ಕೂದಲಿನ) ಪಟ್ಟಿಯಿರುವ ಸ್ಕಿನ್ ಸ್ಕೀ ಆರಿಸಿಕೊಳ್ಳಿ ಎಂದೇ ಹೇಳುತ್ತೇವೆ. ವೇಗ ತುಸು ಕಡಿಮೆಯಾದರೂ ಹಿಮ ಬದಲಾದಾಗ ಹಿಡಿತ ತಪ್ಪಿಹೋಗುವ ಭಯ ಕಡಿಮೆ.

ಓಟದ ದಿನ

ಹೊರಟ ಸ್ವಲ್ಪ ಹೊತ್ತಿಗೆ ದೊಡ್ಡ ಏರು ಬರುತ್ತದೆ, ಅಲ್ಲಿ ಜನ ಇಕ್ಕಟ್ಟಾಗಿ ನಿಲ್ಲುತ್ತಾರೆ. ಪೋಲ್‌ಗಳನ್ನು ಮೈಗೆ ಒತ್ತಿಟ್ಟುಕೊಳ್ಳಿ, ಕಾರ್ಬನ್ ಪೋಲ್ ಮೇಲೆ ಇನ್ನೊಬ್ಬರ ಸ್ಕೀ ಬಿದ್ದರೆ ಮುರಿಯುವುದೇ. ಸಾಲು ನಿಂತಾಗ ನುಗ್ಗಲು ಹೋಗಬೇಡಿ, ಕಳೆದ ನಿಮಿಷಗಳು ಮುಂದಿನ ಸಮತಟ್ಟಿನಲ್ಲಿ ಸಿಗುತ್ತವೆ.

ಹಸಿವಾಗುವವರೆಗೆ ಕಾಯದೆ ಮೊದಲ ಅರ್ಧ ಗಂಟೆಯಲ್ಲೇ ತಿನ್ನಲು ಶುರುಮಾಡಿ. ದಾರಿಯ ಆಹಾರ ನಿಲ್ದಾಣಗಳಲ್ಲಿ ಕೊಡುವ ಬೆಚ್ಚಗಿನ ಬ್ಲೂಬೆರಿ ಸೂಪ್ ಸಕ್ಕರೆಯನ್ನೂ ಕೊಡುತ್ತದೆ, ಮೈಯನ್ನೂ ಬೆಚ್ಚಗಿಡುತ್ತದೆ. ಬೆನ್ನಿನ ನೀರಚೀಲದಿಂದ ಕುಡಿದ ಮೇಲೆ ಕೊಳವೆಯೊಳಗೆ ಗಾಳಿ ಊದಿ ನೀರನ್ನು ಚೀಲಕ್ಕೆ ಹಿಂದೆ ಕಳಿಸಿ, ಇಲ್ಲವಾದರೆ ಅದು ಹೆಪ್ಪುಗಟ್ಟುತ್ತದೆ.

ಹತ್ತು ಗಂಟೆಯ ಗುರಿಯಿದ್ದರೆ ಸರಾಸರಿ ಗಂಟೆಗೆ 9 ಕಿ.ಮೀ., ನಿಲ್ದಾಣದಲ್ಲಿ ನಿಂತ ಹೊತ್ತೂ ಅದರಲ್ಲೇ ಸೇರಿತು. 47ನೇ ಕಿ.ಮೀ.ಯ ಎವರ್ಟ್ಸ್‌ಬರ್ಗ್ ತಲುಪಿದಾಗ ಇನ್ನೂ ಸಲೀಸಾಗಿ ಮಾತಾಡಲು ಆಗುತ್ತಿದ್ದರೆ ಗತಿ ಸರಿಯಿದೆ. ಕೊನೆಯ ನಿಲ್ದಾಣ ಎಲ್ಡ್ರಿಸ್‌ನಿಂದ ಮೂರಾಕ್ಕೆ 9 ಕಿ.ಮೀ. ಅಷ್ಟರಲ್ಲಿ ಕತ್ತಲಾಗಬಹುದು, ಕೈಗವಸು ಬೆವರಿನಿಂದ ನೆನೆದಿರುತ್ತದೆ. ಒಣ ಜೋಡಿಯೊಂದನ್ನು ಒಳಜೇಬಿನಲ್ಲಿ ಇಟ್ಟುಕೊಂಡಿದ್ದರೆ ಅಲ್ಲಿ ಬದಲಿಸಿಕೊಂಡು ಹೊರಡಿ.