ಅವ್ವನ ಕೀರ್ದಿ

ನಾನು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಒಣಮೆಣಸಿನಕಾಯಿ, ಉಳ್ಳಾಗಡ್ಡಿ, ಶೇಂಗಾ ಬಂದದ್ದೆಷ್ಟು, ಹೋದದ್ದೆಷ್ಟು, ಯಾರ ಹೆಸರಿಗೆ ಎಷ್ಟು ಬಾಕಿ, ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಅವ್ವನಿಗೆ ಲಕ್ವಾ ಹೊಡೆದ ಮೇಲೆ ಮನೆಯಲ್ಲಿ ಹೇಗೆ ನಿಭಾಯಿಸಿದಿರಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಅವ್ವನಿಗೆ ಆಗ 81. ಎಡಗೈ, ಎಡಗಾಲು ಹೋದವು. ಮಾತು ಉಳಿಯಿತು, ಸ್ವಲ್ಪ ಜಾಸ್ತಿಯೇ ಉಳಿಯಿತು. ಒಂಬತ್ತು ದಿನ ಆದ ಮೇಲೆ ಆಸ್ಪತ್ರೆಯವರು ಒಂದು ಫೈಲು, ಒಂದು ಚೀಲ ಮಾತ್ರೆ ಕೊಟ್ಟು "ಚಲೋತ್ನಂಗ ನೋಡ್ಕೋರಿ" ಅಂತ ಕಳಿಸಿದರು. ಹೇಗೆ ನೋಡಿಕೊಳ್ಳಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ಹನ್ನೆರಡನೇ ದಿನ ಟೊಂಕದ ಕೆಳಗೆ ಎಲುಬಿರುವ ಕಡೆ ಕೆಂಪು ಕಲೆ ಕಾಣಿಸಿತು. ಎಣ್ಣೆ ಹಚ್ಚಿ ತಿಕ್ಕಿದೆವು. ಅದೇ ತಪ್ಪು. ಕೆಂಪಾದ ಜಾಗ ತಿಕ್ಕಿದರೆ ಒಳಗೆ ಇನ್ನೂ ಹಾಳಾಗುತ್ತದಂತೆ, ವಾರದಲ್ಲಿ ಹುಣ್ಣಾಯಿತು, ಮಾಯಲು ಎರಡೂವರೆ ತಿಂಗಳು ಹಿಡಿಯಿತು.

ನಮಗೆ ಕೆಲಸ ಕಲಿಸಿದವರು ನಮ್ಮ ಓಣಿಯ ನಿವೃತ್ತ ನರ್ಸ್ ಒಬ್ಬರು. ಹಗಲಿರಲಿ ರಾತ್ರಿ ಇರಲಿ, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಎಳೆಯಬಾರದು, ಎತ್ತಬೇಕು: ಕೆಳಗೆ ಒಂದು ಹಳೇ ನೂಲಿನ ಸೀರೆ ಸುಕ್ಕಿಲ್ಲದಂತೆ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿದರೆ ಚರ್ಮ ಉಜ್ಜುವುದಿಲ್ಲ, ನಮ್ಮ ಬೆನ್ನೂ ಉಳಿಯುತ್ತದೆ. ಉಣಿಸುವಾಗ ನೆಟ್ಟಗೆ ಕೂರಿಸಬೇಕು, ಉಂಡ ಮೇಲೂ ಅರ್ಧ ತಾಸು ಮಲಗಿಸಬಾರದು. ಅವ್ವ ಚಹಾ ಕುಡಿದರೆ ಕೆಮ್ಮುತ್ತಿದ್ದಳು, ನೀರು ಕುಡಿದರೂ ಕೆಮ್ಮುತ್ತಿದ್ದಳು. ತೆಳ್ಳಗಿರುವುದೇ ದಾರಿ ತಪ್ಪಿ ಶ್ವಾಸಕ್ಕೆ ಹೋಗುವುದು ಅಂತ ಆಗ ಗೊತ್ತಾಯಿತು. ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಗಟ್ಟಿಯಾಗಿ ಕಲಸಿ ಕೊಟ್ಟರೆ ಸಲೀಸಾಗಿ ಇಳಿಯುತ್ತಿತ್ತು. ಗಾಳಿ ಹಾಸಿಗೆ ತಂದೆವು, ಒಳ್ಳೆಯದೇ, ಆದರೆ ಅದು ಬಂತು ಅಂತ ಮಗ್ಗಲು ಬದಲಿಸುವುದನ್ನು ಬಿಡುವ ಹಾಗಿಲ್ಲ.

ಈಗ ಕೀರ್ದಿಯ, ಅಂದರೆ ದಿನದಿನದ ಲೆಕ್ಕದ ಪುಸ್ತಕದ ಮಾತು. ಯಾವ ಮಾತ್ರೆ ಯಾವಾಗ ಅಂತ ನೆನಪಿಡಲು ಅಂಗಡಿಯಿಂದ ಒಂದು ಕೆಂಪು ಬಟ್ಟೆಯ ಪುಸ್ತಕ ತಂದಿದ್ದೆ. ಕೈ ಸುಮ್ನೆ ಇರಬೇಕಲ್ಲ, ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದು ಯಾರು ಎಷ್ಟು ತಾಸು ಅವ್ವನ ಕೆಲಸ ಮಾಡಿದರು ಅಂತ ಬರೆಯಲು ಶುರು ಮಾಡಿದೆ. ಒಂದು ತಿಂಗಳಾದ ಮೇಲೆ ಕೂಡಿಸಿದರೆ ನನ್ನ ಹೆಂಡತಿಯ ಲೆಕ್ಕ 312 ತಾಸು. ನನ್ನದು 71. ಗದಗಿನಲ್ಲಿರುವ ಅಕ್ಕನದು 40. ಪುಣೆಯ ತಮ್ಮನ ಹೆಸರಿನ ಮುಂದೆ ಏನೂ ಇಲ್ಲ, ಫೋನ್ ಮಾಡಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಷ್ಟು ದಿನ ಅಂಗಡಿಯಲ್ಲಿ ಎಲ್ಲರ ಮುಂದೆ "ಅವ್ವನ್ನ ನಾನೇ ನೋಡ್ಕೊಳ್ಳೋದು" ಅನ್ನುತ್ತಿದ್ದವನು ನಾನು. ಪುಸ್ತಕ ಹೆಂಡತಿಗೆ ತೋರಿಸಿದೆ. "ಬರದ್ರ ಏನಾತ್ರೀ, ಈ ಅರಿವಿ ಯಾರ್ ಒಗೀತಾರ?" ಅಂದಳು. ಅವತ್ತಿಂದ ಬೆಳಗಿನ ಅರಿವಿ ನನ್ನ ಅಂಕಣಕ್ಕೆ ಬಂತು.

ಆ ಪುಟದ ಫೋಟೋ ತೆಗೆದು ಅಕ್ಕನಿಗೂ ತಮ್ಮನಿಗೂ ಕಳಿಸಿದೆ, ಒಂದು ಮಾತೂ ಬರೆಯಲಿಲ್ಲ. ಜಗಳ ಆಯಿತು. ಆಗಲೇಬೇಕಿತ್ತು. ಅಕ್ಕ ಸರ್ಕಾರಿ ಶಾಲೆಯಲ್ಲಿ ಟೀಚರ್. ಮಕ್ಕಳ ಆರೈಕೆಗೆ ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರಿಯ ಹೆಣ್ಣುಮಕ್ಕಳಿಗೆ 180 ದಿನ ರಜೆ ಇದೆ, ಹೆತ್ತವ್ವನ ಆರೈಕೆಗೆ ಅಂತ ಬೇರೆ ರಜೆ ಇಲ್ಲ, ಇರುವ ಗಳಿಕೆ ರಜೆಯಲ್ಲೇ ಕಡಿದುಕೊಳ್ಳಬೇಕು. ಅವಳ ಸಂಕಟವೂ ಸುಳ್ಳಲ್ಲ. ಕೊನೆಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಅವಳು ಬರುವುದು, ಆ ಎರಡು ದಿನ ನನ್ನ ಹೆಂಡತಿ ಹಾವೇರಿಗೆ ತವರಿಗೆ ಹೋಗುವುದು ಅಂತಾಯಿತು. ಹೋಗುವುದು ಅಂದರೆ ಹೋಗುವುದೇ, ಮನೆಯಲ್ಲೇ ಇದ್ದರೆ ಅದು ರಜೆ ಆಗುವುದಿಲ್ಲ.

ತಮ್ಮ ದುಡ್ಡು ಕೊಡುತ್ತೇನೆ ಅಂದ. ಹಗಲಿಗೆ ಒಬ್ಬರನ್ನು ಇಟ್ಟುಕೊಂಡೆವು, ತಿಂಗಳಿಗೆ 14 ಸಾವಿರ. ಮೊದಲು ಒಂದು ಏಜೆನ್ಸಿಗೆ ಹೇಳಿದ್ದೆವು, ಅವರು ಒಂದೇ ತಿಂಗಳಲ್ಲಿ ಮೂವರನ್ನು ಬದಲಿಸಿದರು, ಪ್ರತಿ ಸಲ ಅವ್ವ ಹೊಸ ಮುಖ ನೋಡಿ ಊಟ ಬಿಡುತ್ತಿದ್ದಳು. ಈಗಿನವರು ಪರಿಚಯದವರ ಮೂಲಕ ಸಿಕ್ಕವರು. ವಾರಕ್ಕೊಂದು ರಜೆ, ಹಬ್ಬಕ್ಕೆ ರಜೆ, ಅದನ್ನೂ ಮೊದಲೇ ಪುಸ್ತಕದಲ್ಲಿ ಬರೆದುಕೊಂಡೆವು. ತಮ್ಮನಿಗೆ ಇನ್ನೊಂದು ಹೇಳಿದೆ: ಔಷಧಿ, ಆಸ್ಪತ್ರೆಯ ಬಿಲ್ಲನ್ನು ನೀನೇ ನಿನ್ನ ಖಾತೆಯಿಂದ ಕಟ್ಟು, ನಗದು ಬೇಡ. ಆರೋಗ್ಯ ವಿಮೆ ಇಲ್ಲದ ಹಿರಿಯ ತಂದೆ-ತಾಯಿಯ ಚಿಕಿತ್ಸೆಗೆ ಮಕ್ಕಳು ಮಾಡಿದ ಖರ್ಚಿನಲ್ಲಿ ವರ್ಷಕ್ಕೆ 50,000ದವರೆಗೆ ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಕಳೆಯಬಹುದು. ಅದು ಗೊತ್ತಾದ ಮೇಲೆ ಬಿಲ್ಲು ಕಳಿಸು ಅಂತ ಅವನೇ ಕೇಳುತ್ತಾನೆ.

ದೊಡ್ಡ ಜಗಳ ಆದದ್ದು ಪಿಂಚಣಿ ವಿಷಯಕ್ಕೆ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು, ಅವ್ವನಿಗೆ ಕುಟುಂಬ ಪಿಂಚಣಿ ಬರುತ್ತದೆ. ಅದರಲ್ಲಿ ತಿಂಗಳಿಗೆ 6,000 ನನ್ನ ಹೆಂಡತಿಯ ಖಾತೆಗೆ ಹಾಕೋಣ ಅಂದೆ. ಅಕ್ಕ ಸಿಟ್ಟಾದಳು: "ಸೊಸಿಗೆ ಪಗಾರ ಏನೋ ತಮ್ಮಾ?" ಒಳಗಿಂದ ಅವ್ವನ ದನಿ ಬಂತು, "ನನ್ನ ರೊಕ್ಕ, ನಾ ಕೊಡ್ತೀನಿ, ನಿಮ್ಮದೇನ ಹೋಗ್ತೈತಿ?" ಅಲ್ಲಿಗೆ ಮುಗಿಯಿತು. ನಾವು ಇದನ್ನು ಸೇವೆ ಅಂತ ಕರೆದು ಪುಣ್ಯದ ಖಾತೆಗೆ ಹಾಕಿಬಿಡುತ್ತೇವೆ, ಅಲ್ವಾ? ಜರ್ಮನಿಯಲ್ಲಿ 1995ರಿಂದ ಆರೈಕೆಗೇ ಅಂತ ಒಂದು ವಿಮೆ ಇದೆ. ಮನೆಯವರೇ ನೋಡಿಕೊಂಡರೆ ತಿಂಗಳಿಗೆ ನಗದು ಬರುತ್ತದೆ, ಜಾಸ್ತಿ ತಾಸು ದುಡಿಯುವವರ ಹೆಸರಿಗೆ ಪಿಂಚಣಿಯ ಕಂತನ್ನೂ ಕಟ್ಟುತ್ತಾರೆ. ಜಪಾನಿನಲ್ಲಿ 2000ದಿಂದ ಇಂಥದ್ದೇ ವಿಮೆ ಇದೆ, 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ನೌಕರಿ ಮಾಡುವವರಿಗೆ ಮನೆಯ ಒಬ್ಬೊಬ್ಬರ ಆರೈಕೆಗೆ 93 ದಿನ ರಜೆ. ಅವರಿಗೆ ನಮ್ಮಷ್ಟು ಪ್ರೀತಿ ಇಲ್ಲ ಅಂತಲ್ಲ, ಲೆಕ್ಕ ಇದೆ ಅಷ್ಟೇ.

ನಮ್ಮಲ್ಲಿ ಇರುವುದು 2007ರ ಕಾಯ್ದೆ. ನೋಡಿಕೊಳ್ಳದ ಮಕ್ಕಳ ಮೇಲೆ ತಂದೆ-ತಾಯಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, ತಿಂಗಳಿಗೆ 10,000ದವರೆಗೆ ಜೀವನಾಂಶ ಸಿಗಬಹುದು, ಮೊದಲು ರಾಜಿಗೂ ಕಳಿಸುತ್ತಾರೆ. ತಮ್ಮ ಇನ್ನೂ ದುಡ್ಡು ಕಳಿಸದಿದ್ದಾಗ ಯಾರೋ ಇದನ್ನು ಹೇಳಿದ್ದರು. ಅವ್ವನ ಮುಂದೆ ಆ ಮಾತು ತೆಗೆದದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಬಿಟ್ಟು ಹೋದ ಮಕ್ಕಳಿಗೆ ಬುದ್ಧಿ ಹೇಳಲು ಕಾನೂನು ಬೇಕು, ಸರಿಯೇ. ಆದರೆ ಜೊತೆಗಿದ್ದು 312 ತಾಸು ದುಡಿದವಳಿಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಕಾಗದದ ಕೆಲಸದಲ್ಲಿ ಎರಡು ಸಂಗತಿ ನೆನಪಿಡಿ. ಕೇಂದ್ರ ಸರ್ಕಾರದ ಪಿಂಚಣಿಯಲ್ಲಿ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ 20% ಹೆಚ್ಚು ಬರಬೇಕು, 85ಕ್ಕೆ 30%, ಕುಟುಂಬ ಪಿಂಚಣಿಗೂ ಇದು ಅನ್ವಯ. ನಮ್ಮ ಅವ್ವನಿಗೆ ಬಂದಿರಲೇ ಇಲ್ಲ. ಪಿಂಚಣಿ ಆದೇಶದಲ್ಲಿ ಅಪ್ಪನ ಹುಟ್ಟಿದ ದಿನ ಇತ್ತು, ಅವ್ವನದು ಇರಲಿಲ್ಲ, ಬ್ಯಾಂಕಿನವರೂ ಕೇಳಿರಲಿಲ್ಲ. ವಯಸ್ಸಿನ ದಾಖಲೆ ಹಚ್ಚಿ ಅರ್ಜಿ ಕೊಟ್ಟು ನಾಲ್ಕು ಸಲ ಓಡಾಡಿದ ಮೇಲೆ ಹದಿನಾಲ್ಕು ತಿಂಗಳ ಬಾಕಿ ಒಟ್ಟಿಗೆ ಬಂತು. ಎರಡನೆಯದು ಜೀವನ ಪ್ರಮಾಣ, ಪಿಂಚಣಿ ತಗೊಳ್ಳುವವರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಕೊಡುವ ಪತ್ರ. ಅದಕ್ಕೆ ಹಾಸಿಗೆ ಹಿಡಿದವರನ್ನು ಆಟೋದಲ್ಲಿ ಹೊತ್ತುಕೊಂಡು ಹೋಗಬೇಡಿ. ಮುಖ ತೋರಿಸಿ ಮೊಬೈಲಿನಲ್ಲೇ ಮಾಡಬಹುದು, 80 ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು, ಪೋಸ್ಟ್‌ಮ್ಯಾನ್ ಮನೆಗೆ ಬಂದು ಮಾಡಿಕೊಡುವ ಸೌಲಭ್ಯವೂ ಇದೆ. ಫೋನಿನ ಮುಂದೆ ಕಣ್ಣು ಮಿಟುಕಿಸಬೇಕು. "ಅವ್ವಾ, ಕಣ್ಣ ಮಿಟುಕಿಸ" ಅಂದೆ. "ಯಾಕ, ಯಾರ ನೋಡಾಕತ್ತಾರ?" ಅಂದಳು. ಐದನೇ ಸಲಕ್ಕೆ ಆಯಿತು.

ಒಂದು ಸಂಗತಿ ನಾನು ತಡವಾಗಿ ಗಮನಿಸಿದೆ. ಹೆಂಡತಿ ತವರಿಗೆ ಹೋದರೂ ರಾತ್ರಿ ಎರಡು ತಾಸಿಗೊಮ್ಮೆ ಏಳುತ್ತಿದ್ದಳಂತೆ. ಸಣ್ಣದಕ್ಕೆಲ್ಲ ಅಳುತ್ತಿದ್ದಳು, ನಾನು ಸುಸ್ತು ಅಂದುಕೊಂಡೆ. 14416ಕ್ಕೆ ಫೋನ್ ಮಾಡಿದೆವು, ಟೆಲಿಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಬಿಟ್ಟಿ, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿಕೊಂಡು ಬಂದಳು. ಈಗ ರಾತ್ರಿ ಹನ್ನೆರಡರ ಮೇಲಿನ ಮಗ್ಗಲು ನನ್ನದು, ಅವಳು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗುತ್ತಾಳೆ. ಮೊದಲೇ ಹೀಗೆ ಮಾಡಬಹುದಿತ್ತು.

ಪುಸ್ತಕ ಈಗ ಮೂರನೆಯದು. ಮುಂದಿನ ವಾರ ಹಗಲಿನವರು ಅವರೂರ ಜಾತ್ರೆಗೆ ಹೋಗುತ್ತಿದ್ದಾರೆ, ಅಂಗಡಿಯಲ್ಲಿ ಮೆಣಸಿನಕಾಯಿ ಸೀಸನ್ನು, ನನಗೆ ರಜೆ ಸಿಗುವುದಿಲ್ಲ. ತಮ್ಮ ನಾಲ್ಕು ದಿನಕ್ಕೆ ಬರುತ್ತೇನೆ ಅಂದಿದ್ದಾನೆ. ಸೋಮವಾರದಿಂದ ಗುರುವಾರದವರೆಗೆ ಅವನ ಹೆಸರು ಬರೆದಿದ್ದೇನೆ, ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ.