ಚೆಂಡು ಪುಟಿಯಬೇಕು, ತೇಲಬಾರದು: ಹೊಸಬರಿಗೆ ಕೀಫ್ರೇಮ್ ಪಾಠ

ಅನಿಮೇಷನ್ ಕಲಿಯಲು ಕೂತ ಹೊಸಬರ ಟೈಮ್‌ಲೈನ್ (ಫ್ರೇಮುಗಳ, ಅಂದರೆ ಬಿಡಿ ಚಿತ್ರಗಳ, ಸಾಲು ಕಾಣುವ ಪಟ್ಟಿ) ನೋಡಿದರೆ ಸಾಮಾನ್ಯವಾಗಿ ಒಂದೇ ಕಥೆ. ಎರಡೆರಡು ಫ್ರೇಮಿಗೊಂದು ಕೀಫ್ರೇಮ್ ಇರುತ್ತದೆ, ಆದರೂ ಚೆಂಡು ಎಡವಿ ಎಡವಿ ಬೀಳುತ್ತದೆ. ಸರಿಹೋಗಲಿ ಅಂತ ಇನ್ನಷ್ಟು ಹಾಕುತ್ತಾರೆ, ಇನ್ನಷ್ಟು ಕೆಡುತ್ತದೆ.

ಕೀಫ್ರೇಮ್ ಎಂದರೆ ‘ಈ ಹೊತ್ತಿಗೆ ವಸ್ತು ಇಲ್ಲಿರಬೇಕು’ ಎಂದು ನಾವು ಹಾಕುವ ಗುರುತು. ಎರಡು ಗುರುತುಗಳ ನಡುವಿನ ಫ್ರೇಮುಗಳನ್ನು ತುಂಬುವುದು ಸಾಫ್ಟ್‌ವೇರ್ ಕೆಲಸ. ಕೈಯಲ್ಲಿ ಚಿತ್ರ ಬಿಡಿಸುತ್ತಿದ್ದ ಸ್ಟುಡಿಯೋಗಳಲ್ಲೂ ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಬರೆದು, ನಡುವಿನವನ್ನು ಸಹಾಯಕರಿಗೆ ಬಿಡುತ್ತಿದ್ದರು. ಹಾಗಾಗಿ ಕೀಫ್ರೇಮ್ ಕಡಿಮೆ ಇರಲಿ, ನಡುವಿನ ದಾರಿಯನ್ನು ತಿದ್ದಲು ಸಮಯ ಕೊಡಿ.

ಉಚಿತವಾಗಿ ಸಿಗುವ 3ಡಿ ಅನಿಮೇಷನ್ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಪುಟಿಯುವ ಚೆಂಡು ಮಾಡೋಣ. ಬೇರೆ ಸಾಫ್ಟ್‌ವೇರ್‌ನಲ್ಲಿ ಬಟನ್ ಬೇರೆ ಇರಬಹುದು, ಕೆಲಸ ಇದೇ. ಕರ್ವ್ (ಚಲನೆಯನ್ನು ಗೆರೆಯಾಗಿ ಕಾಣಿಸುವ ನಕ್ಷೆ) ತೋರಿಸದ ಮೊಬೈಲ್ ಆ್ಯಪ್‌ಗಳಲ್ಲಿ ಮಾತ್ರ ಕಲಿಯಲು ಹೋಗಬೇಡಿ. ಅಲ್ಲಿ ತಪ್ಪು ಎಲ್ಲಿದೆ ಎಂದು ಕಾಣುವುದೇ ಇಲ್ಲ.

ಮೊದಲು, ತೆರೆದಾಗಲೇ ಇರುವ ಕ್ಯೂಬ್ ಅಳಿಸಿ, 0.1 ಮೀಟರ್ ರೇಡಿಯಸ್‌ನ ಯುವಿ ಸ್ಪಿಯರ್ (ಗೋಳ, ಇದೇ ನಮ್ಮ ಚೆಂಡು) ಸೇರಿಸಿ. ಸೆಕೆಂಡಿಗೆ 24 ಫ್ರೇಮ್ ಇರಲಿ.

ಈಗ ‘ಎನ್’ ಒತ್ತಿದರೆ ಪಕ್ಕದಲ್ಲಿ ಲೊಕೇಶನ್ ಅಂಕಿಗಳು ಕಾಣುತ್ತವೆ. 1ನೇ ಫ್ರೇಮಿನಲ್ಲಿ ಝಡ್ (ಎತ್ತರ) ಅನ್ನು 1.3 ಮಾಡಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಇನ್ಸರ್ಟ್ ಸಿಂಗಲ್ ಕೀಫ್ರೇಮ್’ ಆರಿಸಿ. ಇದೇ ರೀತಿ 13ನೇ ಫ್ರೇಮಿನಲ್ಲಿ 0.1, 22ರಲ್ಲಿ 0.8, 31ರಲ್ಲಿ 0.1, 37ರಲ್ಲಿ 0.4, 43ರಲ್ಲಿ 0.1. ಒಟ್ಟು ಆರೇ ಕೀಫ್ರೇಮ್.

ಈ ಅಂಕಿಗಳು ಸುಮ್ನೆ ಹಾಕಿದ್ದಲ್ಲ. ಝಡ್ ಹೇಳುವುದು ಚೆಂಡಿನ ನಡುಬಿಂದುವಿನ ಎತ್ತರ, ಹಾಗಾಗಿ 0.1 ಎಂದರೆ ಚೆಂಡು ನೆಲ ಮುಟ್ಟಿದೆ, 1.3 ಎಂದರೆ ಅದಕ್ಕಿಂತ 1.2 ಮೀಟರ್ ಮೇಲಿದೆ. 1.2 ಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೆಲ ಮುಟ್ಟಲು ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಬೇಕು, ಅಂದರೆ 12 ಫ್ರೇಮ್. ಸುಮಾರು 0.7 ಮೀಟರಿಗೆ 9 ಫ್ರೇಮ್, 0.3 ಮೀಟರಿಗೆ 6. ಎತ್ತರ ತಗ್ಗಿದ ಹಾಗೆ ಸಮಯವೂ ತಗ್ಗಬೇಕು. ಎತ್ತರ ಮಾತ್ರ ಇಳಿಸಿ ಸಮಯ ಅಷ್ಟೇ ಬಿಟ್ಟರೆ ಕೊನೆಯ ಪುಟಿತಗಳು ಎಳೆದ ಹಾಗೆ ಕಾಣುತ್ತವೆ.

ಇಲ್ಲಿ ಅಂಕಿಯ ಬಣ್ಣ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಹಳದಿ ಇದ್ದರೆ ಈ ಫ್ರೇಮಿನಲ್ಲಿ ಕೀಫ್ರೇಮ್ ಇದೆ. ಹಸಿರಾದರೆ ಬೇರೆ ಫ್ರೇಮಿನಲ್ಲಿದೆ. ಕಿತ್ತಳೆಯಾದರೆ ಅಂಕಿ ಬದಲಿಸಿದ್ದೀರಿ, ಕೀಫ್ರೇಮ್ ಹಾಕಿಲ್ಲ. ಆಗ ಫ್ರೇಮ್ ಬದಲಿಸಿದರೆ ಆ ಬದಲಾವಣೆ ಹೋಯಿತು. ಇದಕ್ಕೆ ಹೆದರಿ ಆಟೋ ಕೀಯಿಂಗ್ ಆನ್ ಮಾಡಿಕೊಳ್ಳುವವರಿದ್ದಾರೆ. ಕಲಿಯುವಾಗ ಅದು ಬೇಡವೇ ಬೇಡ. ಕೈ ತಪ್ಪಿ ಚೆಂಡನ್ನು ಸರಿಸಿದರೂ ಅದು ಕೀಫ್ರೇಮ್ ಆಗಿ ಕೂರುತ್ತದೆ.

ಸ್ಪೇಸ್ ಒತ್ತಿ ಪ್ಲೇ ಮಾಡಿ. ಚೆಂಡು ನೆಲದ ಹತ್ತಿರ ಬರುತ್ತಾ ನಿಧಾನವಾಗಿ, ಹತ್ತಿಯ ಉಂಡೆಯ ಹಾಗೆ ಇಳಿಯುತ್ತದೆ. ಜಾಸ್ತಿ ಜನ ದಾರಿ ತಪ್ಪುವುದು ಇಲ್ಲೇ. ನೆಲದ ಹತ್ತಿರ ಹೊಸ ಕೀಫ್ರೇಮ್ ಸೇರಿಸಲು ಹೋಗುತ್ತಾರೆ. ಹಾಗೆ ಮಾಡಬೇಡಿ, ಕರ್ವ್ ತಿದ್ದುವ ಗ್ರಾಫ್ ಎಡಿಟರ್ ತೆರೆಯಿರಿ.

ಅಲ್ಲಿ ಝಡ್‌ನ ಗೆರೆ ಅಲೆಯ ಹಾಗಿರುತ್ತದೆ, ಮೇಲೂ ದುಂಡು, ಕೆಳಗೂ ದುಂಡು. ಗೆರೆ ಚಪ್ಪಟೆಯಾದಲ್ಲಿ ಚೆಂಡು ನಿಧಾನ, ಕಡಿದಾದಲ್ಲಿ ಜೋರು. ಮೇಲ್ತುದಿ ದುಂಡಾಗಿರುವುದು ಸರಿ, ಅಲ್ಲಿ ಚೆಂಡು ಕ್ಷಣ ತಡೆದು ತಿರುಗುತ್ತದೆ. ನೆಲ ಮುಟ್ಟುವಾಗ ಅದರ ವೇಗ ಅತಿ ಹೆಚ್ಚು. ಹಾಗಾಗಿ ಕೆಳತುದಿ ಚೂಪಾಗಿರಬೇಕು.

ನೆಲದ ಮೂರು ಕೀಫ್ರೇಮ್‌ಗಳನ್ನು ಆಯ್ದು ‘ವಿ’ ಒತ್ತಿ, ‘ವೆಕ್ಟರ್’ ಆರಿಸಿ. ಮೂಲೆ ಚೂಪಾಯಿತು, ಆದರೆ ಕೆಲಸ ಅರ್ಧವಷ್ಟೇ ಆಗಿದೆ. ಮತ್ತೆ ‘ವಿ’ ಒತ್ತಿ ‘ಫ್ರೀ’ ಮಾಡಿ. ಈಗ ಹ್ಯಾಂಡಲ್‌ನ (ಕೀಫ್ರೇಮಿಗೆ ಅಂಟಿಕೊಂಡ, ಗೆರೆಯನ್ನು ಬಾಗಿಸುವ ಹಿಡಿಕೆಯ) ತುದಿ ಪಕ್ಕದ ಮೇಲ್ತುದಿಯ ಎತ್ತರದ ಮೂರನೇ ಒಂದು ಭಾಗದಲ್ಲಿರುತ್ತದೆ. ಅದನ್ನು ನೇರ ಮೇಲಕ್ಕೆ, ಮೂರನೇ ಎರಡು ಭಾಗದವರೆಗೆ ಎಳೆಯಿರಿ. ಅಡ್ಡಕ್ಕೆ ಸರಿಸಬೇಡಿ. 13 ಮತ್ತು 31ನೇ ಫ್ರೇಮಿನಲ್ಲಿ ಎರಡೂ ಬದಿಯ ಹ್ಯಾಂಡಲ್‌ಗಳಿಗೆ ಹೀಗೇ ಮಾಡಿ, 43ರಲ್ಲಿ ಎಡಬದಿಯದಕ್ಕೆ ಮಾತ್ರ. ನಿಜವಾಗಿ ಬೀಳುವ ವಸ್ತುವಿನ ಗೆರೆ ಬಹುಮಟ್ಟಿಗೆ ಹೀಗೇ ಇರುತ್ತದೆ. ಈಗ ಪ್ಲೇ ಮಾಡಿದರೆ ಚೆಂಡಿಗೆ ತೂಕ ಬಂದಿರುವುದು ಕಣ್ಣಿಗೇ ಗೊತ್ತಾಗುತ್ತದೆ.

‘ಟಿ’ ಒತ್ತಿದರೆ ‘ಬೌನ್ಸ್’ ಎಂಬ ಸಿದ್ಧ ಆಯ್ಕೆಯೂ ಇದೆ. ಕೈಯಲ್ಲಿ ಒಮ್ಮೆಯಾದರೂ ಮಾಡಿದ ಮೇಲೆ ಬೇಕಾದರೆ ಬಳಸಿ. ಒಂದೇ ಕ್ಲಿಕ್ಕಿನ ಪ್ರಿಸೆಟ್‌ಗಳಿಗೆ ದುಡ್ಡು ಕೊಡಬೇಡಿ, ಅವುಗಳ ಒಳಗಿರುವುದೂ ಇಂಥ ಕರ್ವ್‌ಗಳೇ.

ವೇಗ ಸರಿಯಿದೆಯೇ ಎಂದು ನೋಡುವ ಮುಂಚೆ ಟೈಮ್‌ಲೈನಿನ ಪ್ಲೇಬ್ಯಾಕ್ ಮೆನುವಿನಲ್ಲಿ ‘ಫ್ರೇಮ್ ಡ್ರಾಪಿಂಗ್’ (ವೇಗ ಉಳಿಸಲು ಕೆಲವು ಫ್ರೇಮ್ ಬಿಟ್ಟು ತೋರಿಸುವ ಆಯ್ಕೆ) ಆರಿಸಿ. ಇಲ್ಲದಿದ್ದರೆ ಕಂಪ್ಯೂಟರ್ ನಿಧಾನವಾದಾಗ ಚೆಂಡೇ ನಿಧಾನ ಅನಿಸಿ, ಸರಿಯಿದ್ದದ್ದನ್ನು ತಿದ್ದಿ ಕೆಡಿಸುತ್ತೀರಿ.

ಚೆಂಡು ಮುಂದಕ್ಕೂ ಹೋಗಬೇಕಾದರೆ ಎಕ್ಸ್‌ಗೆ (ಅಡ್ಡ ದಿಕ್ಕಿಗೆ) ಎರಡೇ ಕೀಫ್ರೇಮ್ ಸಾಕು, 1ರಲ್ಲಿ ಒಂದು, 43ರಲ್ಲಿ ಒಂದು. ಅವೆರಡನ್ನೂ ಆಯ್ದು, ‘ಟಿ’ ಒತ್ತಿ ‘ಲೀನಿಯರ್’ ಮಾಡಿ. ಮೇಲೆ ಕೆಳಗೆ ವೇಗ ಬದಲಾದರೂ ಮುಂದಕ್ಕೆ ಸಾಗುವ ವೇಗ ಗಾಳಿಯಲ್ಲಿ ಹೆಚ್ಚೇನೂ ತಗ್ಗುವುದಿಲ್ಲ, ಅಲ್ವಾ? ಪ್ರತಿ ಪುಟಿತಕ್ಕೂ ಎಕ್ಸ್‌ನಲ್ಲಿ ಕೀಫ್ರೇಮ್ ಹಾಕಿದರೆ ಚೆಂಡು ಪ್ರತಿ ಸಲ ನೆಲ ಮುಟ್ಟಿದಾಗಲೂ ಮುಗ್ಗರಿಸಿದ ಹಾಗೆ ಕಾಣುತ್ತದೆ.