ದೊಡ್ಡ ಟೈರ್ ಉಜ್ಜುವುದು ಹೇಗೆ ನಿಂತಿತು: ನನ್ನ ಅನುಭವ

ನನ್ನ ಫೋರ್ ವೀಲ್ ಡ್ರೈವ್ ಟ್ರಕ್‌ಗೆ 265/70 ಆರ್17 ಟೈರ್ ತೆಗೆದು 285/70 ಆರ್17 ಹಾಕಿದೆ. ನೇರ ರಸ್ತೆಯಲ್ಲಿ ತೊಂದರೆಯೇ ಇರಲಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಳ್ಳಕ್ಕೆ ಇಳಿಸಿದರೆ ಮಾತ್ರ ಮುಂದಿನ ಟೈರ್, ಚಕ್ರದ ಮೇಲಿನ ಮಡ್‌ಗಾರ್ಡ್ ಒಳಗಿರುವ ಪ್ಲಾಸ್ಟಿಕ್ ಹೊದಿಕೆಗೆ (ಲೈನರ್‌ಗೆ) ಪರಪರ ಉಜ್ಜುತ್ತಿತ್ತು.

ಗಾಡಿಯನ್ನು ಎತ್ತರಿಸುವ 2 ಇಂಚಿನ ಲಿಫ್ಟ್ ಕಿಟ್ ಹಾಕಿಸಿದೆ. ಆದರೂ ಸದ್ದು ಹೋಗಲಿಲ್ಲ. ಕಾರಣ ಆಮೇಲೆ ಹೊಳೆಯಿತು. ಲಿಫ್ಟ್‌ನಿಂದ ನಿಂತ ಗಾಡಿ ಎತ್ತರವಾಗುತ್ತದೆ ಅಷ್ಟೇ. ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡಾಗ ಚಕ್ರ ಹಳೆಯ ಜಾಗಕ್ಕೇ ಬರುತ್ತದೆ, ಅಲ್ವಾ?

ಟೈರ್ ಅಂಚಿಗೆ ಸೀಮೆಸುಣ್ಣ ಹಚ್ಚಿ ಅದೇ ಹಳ್ಳದಲ್ಲಿ ನಿಧಾನವಾಗಿ ಓಡಿಸಿದೆ. ಲೈನರ್‌ನ ಹಿಂಭಾಗದಲ್ಲಿ ಬಿಳಿ ಗುರುತು ಬಿತ್ತು. ಅಲೈನ್‌ಮೆಂಟ್ ಮಾಡಿಸುವಾಗ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಜಾಸ್ತಿ ಮಾಡಿಸಿ ಚಕ್ರವನ್ನು ತುಸು ಮುಂದಕ್ಕೆ ತರಿಸಿದೆ. ಇನ್ನೂ ತಾಗುತ್ತಿದ್ದ ಕಡೆ ಲೈನರ್ ಅನ್ನು ನಾನೇ ಕತ್ತರಿಸಿದೆ. ಹಿಂದೆ ವೈರ್ ಹಾದುಹೋಗಿದೆಯಾ ಎಂದು ಮೊದಲು ನೋಡಿಕೊಳ್ಳಿ, ಸುಮ್ನೆ ಬ್ಲೇಡ್ ಹಾಕಬೇಡಿ. ಉಜ್ಜುವುದು ಪೂರ್ತಿ ನಿಂತಿತು. ಎಷ್ಟು ನೆಮ್ಮದಿಯಾಯಿತು ಗೊತ್ತಾ!

ಇನ್ನೊಂದು ವಿಷಯ. ಹೊಸ ಟೈರ್ ವ್ಯಾಸದಲ್ಲಿ ಸುಮಾರು 3.5% ದೊಡ್ಡದು, ಹಾಗಾಗಿ ಒಂದು ಸುತ್ತಿಗೆ ಗಾಡಿ ಅಷ್ಟು ಹೆಚ್ಚು ದೂರ ಹೋಗುತ್ತದೆ. ಮೊದಲು ಸರಿಯಾಗಿದ್ದ ಸ್ಪೀಡೋಮೀಟರ್ ಈಗ 100 ತೋರಿಸಿದರೆ ನಿಜವಾದ ವೇಗ 103 ದಾಟಿರುತ್ತದೆ. ಅದನ್ನೂ ಸರಿಮಾಡಿಸಿದೆ. ಸ್ಟೆಪ್ನಿಯನ್ನೂ ಇದೇ ಅಳತೆಗೆ ಬದಲಾಯಿಸಿದ್ದೇನೆ.